ಮಗಳಿಗೊಂದು ಪತ್ರ: ಎರಡು ಆಫರ್ ಲೆಟರ್, ಒಂದಿಷ್ಟು ಲೆಕ್ಕ

ಪುಟ್ಟಿ,

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಎರಡೂ ಆಫರ್ ಲೆಟರ್ ಪ್ರಿಂಟ್ ತೆಗೆಸಿ ಓದಿದೆ. ಫೋನಿನಲ್ಲಿ ಮಾತಿಗೆ ಕೂತರೆ ಹತ್ತು ವಿಷಯ ಶುರುವಾಗಿ ಒಂದೂ ಮುಗಿಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿಧಾನವಾಗಿ ಓದು. ಪಕ್ಕದಲ್ಲಿ ಒಂದು ಹಾಳೆ, ಪೆನ್ನು ಇಟ್ಟುಕೋ.

ನೀನು ಕೇಳಿದ್ದು ಎರಡು ಪ್ರಶ್ನೆ. ಬೆಂಗಳೂರಿನ ಆರು ಲಕ್ಷದ ಕೆಲಸಕ್ಕೆ ಹೋಗಲಾ, ಮೈಸೂರಿನ ನಾಲ್ಕು ಲಕ್ಷದ ಎಂಬತ್ತು ಸಾವಿರದ ಕೆಲಸಕ್ಕೆ ಹೋಗಲಾ ಅನ್ನೋದು ಒಂದು. ಎಐ ಬಂದ ಮೇಲೆ ಯಾವ ಕೆಲಸ ತಾನೇ ಉಳಿಯುತ್ತೆ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಕೂತು ಲೆಕ್ಕ ಹಾಕಿದರೆ ಅರ್ಧ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ನಾನು ಲೆಕ್ಕ ಬರೆಯುವ ನಮ್ಮ ಸಂಘದ ಆಫೀಸಿನಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಮೊದಲು ಆರು ಲಕ್ಷ. ಆರು ಲಕ್ಷ ಅಂದ ಕೂಡಲೇ ಎಲ್ಲರೂ ಹನ್ನೆರಡರಿಂದ ಭಾಗಿಸಿ ತಿಂಗಳಿಗೆ ಐವತ್ತು ಸಾವಿರ ಅಂದುಕೊಳ್ಳುತ್ತಾರೆ. ನಿನ್ನ ಅಪ್ಪ ಆಗಲೇ ದೊಡ್ಡಪ್ಪನಿಗೆ ಹಾಗೇ ಹೇಳಿಯೂ ಆಗಿದೆ. ಲೆಟರಿನ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದ ಒಂದು ಪಟ್ಟಿ ಇದೆ ನೋಡು. ಬೇಸಿಕ್, ಅಂದರೆ ಮೂಲ ವೇತನ, ವರ್ಷಕ್ಕೆ 3,00,000, ತಿಂಗಳಿಗೆ 25,000. ಕಂಪನಿ ಕಟ್ಟುವ ಪಿಎಫ್ (ಭವಿಷ್ಯ ನಿಧಿ) ಬೇಸಿಕ್‌ನ ಶೇಕಡ 12, ತಿಂಗಳಿಗೆ 3,000, ವರ್ಷಕ್ಕೆ 36,000. ಅದು ಕಂಪನಿ ಕೊಡುವ ಹಣ ಅಂತ ಹೆಸರು, ಆದರೆ ಆರು ಲಕ್ಷದ ಒಳಗೇ ಸೇರಿಸಿಬಿಟ್ಟಿದ್ದಾರೆ. ಆಮೇಲೆ ಗ್ರಾಚ್ಯುಟಿ ಅಂತ 14,430 ಇದೆ. ಇದೆಲ್ಲಿಂದ ಬಂತು ಅಂತ ನಿನಗೆ ಅನ್ನಿಸಿರಬಹುದು. ಒಂದು ವರ್ಷದ ಕೆಲಸಕ್ಕೆ 15 ದಿನದ ಬೇಸಿಕ್, ತಿಂಗಳಿಗೆ 26 ದಿನ ಅಂತ ಹಿಡಿಯುತ್ತಾರೆ. 15 ಭಾಗಿಸು 26, ಅದನ್ನು ಮತ್ತೆ 12ರಿಂದ ಭಾಗಿಸಿದರೆ ಶೇಕಡ 4.81 ಬರುತ್ತದೆ. ಮೂರು ಲಕ್ಷಕ್ಕೆ ಅದೇ 14,430. ಸಾಮಾನ್ಯವಾಗಿ ಐದು ವರ್ಷ ಇದ್ದರೆ ಮಾತ್ರ, ಕೆಲಸ ಬಿಡುವಾಗ ಕೈಗೆ ಸಿಗುವ ಹಣ ಅದು. ಕೊನೆಗೆ ವೇರಿಯಬಲ್ ಪೇ 60,000. ಕಂಪನಿಗೂ ನಿನಗೂ ವರ್ಷ ಚೆನ್ನಾಗಿದ್ದರೆ ಬರುತ್ತದೆ, ಇಲ್ಲದಿದ್ದರೆ ಕಡಿಮೆ ಬರುತ್ತದೆ, ಒಮ್ಮೊಮ್ಮೆ ಬರುವುದೇ ಇಲ್ಲ.

ಈಗ ಕಳೆ. ಆರು ಲಕ್ಷದಲ್ಲಿ 36,000, 14,430, 60,000 ಹೋದರೆ 4,89,570 ಉಳಿಯಿತು. ತಿಂಗಳಿಗೆ 40,797. ಇದರಲ್ಲಿ ನಿನ್ನ ಪಾಲಿನ ಪಿಎಫ್ 3,000, ವೃತ್ತಿ ತೆರಿಗೆ 200. ಕೈಗೆ ಬರುವುದು ಸುಮಾರು 37,600. ಆದಾಯ ತೆರಿಗೆಯ ಈಗಿನ ಹೊಸ ಪದ್ಧತಿಯಲ್ಲಿ ಹನ್ನೆರಡು ಲಕ್ಷದ ಆದಾಯದವರೆಗೆ ತೆರಿಗೆ ಕಟ್ಟಬೇಕಾಗಿಲ್ಲ, ಹಾಗಾಗಿ ಆ ಚಿಂತೆ ಬೇಡ.

ಮೈಸೂರಿನದಕ್ಕೂ ಇದನ್ನೇ ಮಾಡು. ಅಲ್ಲಿ ವೇರಿಯಬಲ್ ಅನ್ನೋದೇ ಇಲ್ಲ. ಬೇಸಿಕ್ 20,000. ಕಂಪನಿಯ ಪಿಎಫ್ ವರ್ಷಕ್ಕೆ 28,800, ಗ್ರಾಚ್ಯುಟಿ 11,544. ಕಳೆದರೆ 4,39,656, ತಿಂಗಳಿಗೆ 36,638. ನಿನ್ನ ಪಿಎಫ್ 2,400, ವೃತ್ತಿ ತೆರಿಗೆ 200 ಹೋದರೆ ಕೈಗೆ ಸುಮಾರು 34,000.

ಕಾಗದದ ಮೇಲೆ ಒಂದು ಲಕ್ಷದ ಇಪ್ಪತ್ತು ಸಾವಿರದ ವ್ಯತ್ಯಾಸ. ತಿಂಗಳು ತಿಂಗಳು ಕೈಯಲ್ಲಿ ಕಾಣುವುದು 3,600. ಬೆಂಗಳೂರಿನಲ್ಲಿ ಪಿಜಿಗೆ 11,000, ಮೈಸೂರಿನಲ್ಲಿ 7,000 ಅಂತ ನೀನೇ ವಿಚಾರಿಸಿದ್ದೀಯ. ಅಲ್ಲಿಗೆ ಅದು ಕರಗಿ ಇನ್ನೂ ನಾನೂರು ರೂಪಾಯಿ ಮೇಲೆ ಹೋಯಿತು.

ಆದರೆ ಒಂದು ಕಡೆಗೇ ವಾಲಿಸಿ ಹೇಳಬಾರದು. ಬೆಂಗಳೂರಿನಲ್ಲಿ ಪಿಎಫ್ ಎರಡೂ ಪಾಲು ಸೇರಿ ತಿಂಗಳಿಗೆ 1,200 ಜಾಸ್ತಿ ಜಮಾ ಆಗುತ್ತದೆ, ಅದು ನಿನ್ನದೇ ದುಡ್ಡು. 2024-25ಕ್ಕೆ ಪಿಎಫ್ ಬಡ್ಡಿ ಶೇಕಡ 8.25 ಇತ್ತು. 72ನ್ನು ಬಡ್ಡಿ ದರದಿಂದ ಭಾಗಿಸಿದರೆ ಹಣ ಎಷ್ಟು ವರ್ಷಕ್ಕೆ ದುಪ್ಪಟ್ಟಾಗುತ್ತದೆ ಅನ್ನೋದು ಗೊತ್ತಾಗುತ್ತದೆ ಅಂತ ನೀನು ಪಿಯುಸಿಯಲ್ಲಿದ್ದಾಗ ಹೇಳಿಕೊಟ್ಟಿದ್ದೆನಲ್ಲ, ಹಾಗೆ ಮಾಡಿದರೆ ಎಂಟು ಮುಕ್ಕಾಲು ವರ್ಷ. ಬ್ಯಾಂಕಿನ ಠೇವಣಿಗಿಂತ ಒಳ್ಳೆಯದು. ವೇರಿಯಬಲ್ ಪೂರ್ತಿ ಬಂದರಂತೂ ತಿಂಗಳಿಗೆ ಇನ್ನೂ 5,000 ಸೇರಿದ ಹಾಗೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಕಳೆದ ವರ್ಷ ಸೇರಿದವರಿಗೆ ವೇರಿಯಬಲ್ ಎಷ್ಟು ಸಿಕ್ಕಿತು? ಎಚ್‌ಆರ್ ಹೇಳದಿದ್ದರೆ ನಿನ್ನ ಸೀನಿಯರ್ ಒಬ್ಬಳು ಅಲ್ಲೇ ಇದ್ದಾಳಲ್ಲ, ಅವಳನ್ನು ಕೇಳು. ನಾಚಿಕೆ ಪಡಬೇಡ. ಸಂಬಳದ ವಿಷಯ ಕೇಳುವುದು ಅಸಭ್ಯ ಅಂತ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಹೇಳಿ ಬೆಳೆಸುತ್ತಾರೆ. ಅದು ನನಗೆ ಯಾವತ್ತೂ ಹಿಡಿಸಿಲ್ಲ.

ಇನ್ನು ದಾರಿಯ ಲೆಕ್ಕ. ಪಿಜಿಯಿಂದ ಆಫೀಸಿಗೆ ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಗಂಟೆ ಅಂದೆ. ದಿನಕ್ಕೆ ಮೂರು ಗಂಟೆ, ತಿಂಗಳಿಗೆ 22 ದಿನ, ಒಟ್ಟು 66 ಗಂಟೆ. ಎಂಟು ಗಂಟೆಯ ಕೆಲಸದ ದಿನ ಅಂತ ಹಿಡಿದರೆ ಎಂಟು ದಿನಕ್ಕಿಂತ ಜಾಸ್ತಿ. ತಿಂಗಳಲ್ಲಿ ಎಂಟು ದಿನ ನೀನು ಬಸ್ಸಿನಲ್ಲಿ, ಮೆಟ್ರೋದಲ್ಲಿ ನಿಂತುಕೊಂಡೇ ಕಳೆಯುತ್ತೀಯ. ಆಫೀಸಿನ ಹತ್ತಿರವೇ ಪಿಜಿ ಹಿಡಿದರೆ ಬಾಡಿಗೆ ಎಷ್ಟಾಗುತ್ತದೆ ಅನ್ನೋದನ್ನೂ ವಿಚಾರಿಸು. ಆ 66 ಗಂಟೆ ಉಳಿಯುವುದಾದರೆ ಎರಡು ಸಾವಿರ ಜಾಸ್ತಿ ಕೊಟ್ಟರೂ ನಷ್ಟವಿಲ್ಲ ಅಂತ ನನ್ನ ಅಭಿಪ್ರಾಯ.

ದುಡ್ಡಿನ ಲೆಕ್ಕ ಇಷ್ಟೇ. ಎರಡೂ ಹೆಚ್ಚು ಕಡಿಮೆ ಸಮ. ಹಾಗಾದರೆ ಕೆಲಸ ಎಂಥದ್ದು ಅನ್ನೋದೇ ಮುಖ್ಯ ಆಗುತ್ತದೆ.

ಬೆಂಗಳೂರಿನದು ಡೆವಲಪರ್ ಕೆಲಸ, ಅಂದರೆ ಕೋಡ್ ಬರೆಯುವುದು. ಮೈಸೂರಿನದು ಟೆಸ್ಟಿಂಗ್, ಬರೆದದ್ದರಲ್ಲಿ ತಪ್ಪು ಹುಡುಕುವುದು. ಟೆಸ್ಟಿಂಗ್ ಅಂದರೆ ಒಂದು ಮೆಟ್ಟಿಲು ಕೆಳಗೆ ಅಂತ ಕ್ಲಾಸಿನಲ್ಲಿ ಎಲ್ಲರೂ ಹೇಳುತ್ತಾರೆ ಅಂದೆ. ಈ ಮಾತಿಗೆ ನನ್ನ ಒಪ್ಪಿಗೆ ಇಲ್ಲ ಪುಟ್ಟಿ. ಯಾಕೆ ಅಂತ ಹೇಳುತ್ತೇನೆ, ನಿನ್ನ ಎರಡನೇ ಪ್ರಶ್ನೆಗೂ ಉತ್ತರ ಅಲ್ಲೇ ಇದೆ.

ನಾನು ಸಂಘದಲ್ಲಿ ಕೆಲಸಕ್ಕೆ ಸೇರಿದಾಗ ಕಿರ್ದಿ, ಖತಾವಣಿ ಎಲ್ಲಾ ಕೈಬರಹ. ದಪ್ಪ ರಟ್ಟಿನ ಪುಸ್ತಕಗಳು. ತಿಂಗಳ ಕೊನೆಗೆ ಉದ್ದುದ್ದ ಸಾಲುಗಳ ಮೊತ್ತ ಕೂಡಿಸುವುದಕ್ಕೆ ಅಂತಲೇ ಇಬ್ಬರು ಹಿರಿಯರಿದ್ದರು. ಬೆರಳು ಇಟ್ಟು ಸರಸರನೆ ಮೇಲಿಂದ ಕೆಳಗೆ ಇಳಿಸಿದರೆ ಮುಗಿಯಿತು, ಮೊತ್ತ ಬಂದುಬಿಡುತ್ತಿತ್ತು. ಆಮೇಲೆ ಕಂಪ್ಯೂಟರ್ ಬಂತು, ಟ್ಯಾಲಿ ಬಂತು. ಟ್ಯಾಲಿ ನಮ್ಮ ಬೆಂಗಳೂರಿನದೇ ಅನ್ನೋದು ಗೊತ್ತಾ ನಿನಗೆ? 1986ರಲ್ಲಿ ಶ್ಯಾಮ್ ಸುಂದರ್ ಗೋಯಂಕಾ ಮತ್ತು ಅವರ ಮಗ ಭರತ್ ಗೋಯಂಕಾ ಸೇರಿ ಶುರು ಮಾಡಿದ ಕಂಪನಿ. ಅಪ್ಪನ ವ್ಯಾಪಾರದ ಲೆಕ್ಕ ಇಡಲು ಸರಿಯಾದ ಸಾಫ್ಟ್‌ವೇರ್ ಸಿಗಲಿಲ್ಲ, ಮಗ ಕೂತು ತಾನೇ ಬರೆದ.

ಟ್ಯಾಲಿ ಬಂದ ಮೇಲೆ ಕೂಡಿಸುವ ಕೆಲಸ ಹೋಯಿತು. ಮುಚ್ಚಿಟ್ಟು ಹೇಳುವುದಿಲ್ಲ. ಆ ಇಬ್ಬರಲ್ಲಿ ಒಬ್ಬರು ನಿವೃತ್ತಿಯಾದ ಮೇಲೆ ಆ ಜಾಗಕ್ಕೆ ಮತ್ತೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಇನ್ನೊಬ್ಬರು ಮಾತ್ರ ಕೊನೆಯ ದಿನದವರೆಗೂ ಎಲ್ಲರಿಗೂ ಬೇಕಾದವರಾಗಿದ್ದರು. ಅವರು ಕೂಡುವುದರಲ್ಲಿ ಮೊದಲನೆಯವರಿಗಿಂತ ಚುರುಕಾಗಿದ್ದರು ಅಂತೇನಲ್ಲ. ಮೊತ್ತ ತಾಳೆ ಆಗದಿದ್ದಾಗ ತಪ್ಪು ಎಲ್ಲಿ ಅಡಗಿದೆ ಅನ್ನೋದು ಅವರಿಗೆ ಗೊತ್ತಾಗುತ್ತಿತ್ತು. ಆ ವಿದ್ಯೆಯನ್ನು ನಾನು ಕಲಿತದ್ದು ಅವರಿಂದಲೇ.

ಒಂದು ಸಲ ಏನಾಯಿತು ಅಂತ ಹೇಳುತ್ತೇನೆ. ಒಬ್ಬ ಬೆಳೆಗಾರರು 3 ಕ್ವಿಂಟಾಲ್ 20 ಕೆಜಿ ಅಡಿಕೆ ಮಾರಿದ್ದರು. ಲೆಕ್ಕ ಸುಲಭವಾಗಲಿ ಅಂತ ದರ ದುಂಡಗೆ ಮಾಡಿ ಹೇಳುತ್ತೇನೆ, ಕ್ವಿಂಟಾಲಿಗೆ 50,000 ಇಟ್ಟುಕೋ. ಟೈಪ್ ಆಗಿ ಬಂದ ವೋಚರಿನಲ್ಲಿ 1,06,000 ಅಂತ ಇತ್ತು. ವೋಚರ್ ಕೈಗೆ ಕೊಟ್ಟ ತಕ್ಷಣ ಅವರು, "ಇದು ಹೇಗೆ ಆಗುತ್ತೆ ಮೇಡಂ, ಮೂರು ಕ್ವಿಂಟಾಲಿಗೇ ಒಂದೂವರೆ ಲಕ್ಷ ಆಯ್ತಲ್ಲ" ಅಂದರು. ಪೈಸೆ ಪೈಸೆ ಲೆಕ್ಕ ಮಾಡಿ ಅವರು ಹೇಳಿದ್ದಲ್ಲ. ಉತ್ತರ ಯಾವ ಆಸುಪಾಸಿನಲ್ಲಿ ಇರಬೇಕು ಅನ್ನೋದು ತಲೆಯಲ್ಲಿ ಮೊದಲೇ ಇತ್ತು. ಕಾಗದದ ಮೇಲಿನದು ಅದಕ್ಕೆ ಹೊಂದಲಿಲ್ಲ.

ಸರಿಯಾದ ಮೊತ್ತ 1,60,000. ಆರು ಮತ್ತು ಸೊನ್ನೆ ಜಾಗ ಬದಲಿಸಿಕೊಂಡಿದ್ದವು. ಎರಡರ ನಡುವಿನ ವ್ಯತ್ಯಾಸ 54,000. ಐದು ನಾಲ್ಕು ಸೇರಿ ಒಂಬತ್ತು, ಅಂದರೆ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಲೆಕ್ಕ ತಾಳೆಯಾಗದೆ ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಮೊದಲು ಅಂಕಿ ಅದಲುಬದಲಾಗಿದೆಯಾ ನೋಡು ಅಂತ ಆ ಹಿರಿಯರು ಹೇಳಿಕೊಟ್ಟಿದ್ದರು. ಕಾರಣ ಸುಲಭ. ಹತ್ತರ ಸ್ಥಾನದಲ್ಲಿ ಅ, ಬಿಡಿ ಸ್ಥಾನದಲ್ಲಿ ಬ ಇದ್ದರೆ ಸಂಖ್ಯೆ 10ಅ + ಬ. ತಿರುಗಿಸಿ ಬರೆದರೆ 10ಬ + ಅ. ಒಂದರಿಂದ ಇನ್ನೊಂದನ್ನು ಕಳೆದರೆ 9ಅ − 9ಬ. ಯಾವ ಅಂಕಿಯನ್ನೇ ಹಾಕು, ಒಂಬತ್ತು ಬಿಟ್ಟು ಹೋಗುವುದಿಲ್ಲ. ಇನ್ನೊಂದು ಇದೆ: ವ್ಯತ್ಯಾಸ ಎರಡರಿಂದ ಭಾಗವಾದರೆ, ಅದರ ಅರ್ಧ ಮೊತ್ತದ ನಮೂದು ಜಮಾ ಕಡೆಯ ಬದಲು ಖರ್ಚಿನ ಕಡೆ ಬಿದ್ದಿದೆಯಾ ಅಂತ ಹುಡುಕು. ಈಗಲೂ ನಾನು ಟ್ಯಾಲಿ ಮುಂದೆ ಕೂತುಕೊಂಡೇ ಇವೆರಡನ್ನೂ ಬಳಸುತ್ತೇನೆ. ಯಂತ್ರ ಕೂಡುವುದರಲ್ಲಿ ತಪ್ಪುವುದಿಲ್ಲ. ಅದಕ್ಕೆ ಕೊಟ್ಟ ಅಂಕಿಯೇ ತಪ್ಪಾಗಿದ್ದರೆ ಅದೇನು ಮಾಡೀತು?

ಒಂಬತ್ತರ ವಿಷಯ ಬಂತಲ್ಲ, ನಿನಗೆ ಇಷ್ಟವಾಗುವ ಒಂದು ಲೆಕ್ಕ ಹೇಳಿಬಿಡುತ್ತೇನೆ. ನಮ್ಮ ಬೆಂಗಳೂರಿನ ಶಕುಂತಲಾ ದೇವಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿ 28 ಸೆಕೆಂಡಿನಲ್ಲಿ ಉತ್ತರ ಹೇಳಿದರು. ಸಂಖ್ಯೆಗಳು 7686369774870 ಮತ್ತು 2465099745779. ಅವರ ಉತ್ತರ 18947668177995426462773730. ಇಷ್ಟು ದೊಡ್ಡ ಗುಣಾಕಾರ ನಮ್ಮಿಂದ ಆಗುವುದಿಲ್ಲ. ಆದರೆ ಪರೀಕ್ಷೆ ಮಾಡುವುದು ಯಾರಿಂದಲೂ ಆಗುತ್ತದೆ. ಮೊದಲ ಸಂಖ್ಯೆಯ ಅಂಕಿಗಳನ್ನು ಕೂಡಿಸು: 78. ಮತ್ತೆ ಕೂಡಿಸು: 15, ಮತ್ತೆ: 6. ಎರಡನೆಯದು 74, 11, 2. ಆರು ಎರಡಲೆ ಹನ್ನೆರಡು, ಒಂದು ಎರಡು ಸೇರಿ ಮೂರು. ಈಗ ಉತ್ತರದ ಅಂಕಿಗಳನ್ನು ಕೂಡಿಸು: 138, ಅದು 12, ಅದು 3. ಸರಿಹೋಯಿತು! ಭಾನುವಾರ ಮಧ್ಯಾಹ್ನ ನಿನ್ನ ತಮ್ಮನ ಜೊತೆ ಇದನ್ನು ಮಾಡಿದೆ. ಮೂರು ಬಂದಾಗ ಅವನ ಮುಖ ನೀನು ನೋಡಬೇಕಿತ್ತು.

ಈ ಪರೀಕ್ಷೆಗೆ ಒಂದು ಮಿತಿ ಇದೆ, ಅದೂ ಗೊತ್ತಿರಬೇಕು. ಅಂಕಿ ಅದಲುಬದಲಾದರೆ ಇದು ಹಿಡಿಯುವುದಿಲ್ಲ, ಯಾಕೆಂದರೆ ಅಂಕಿಗಳ ಮೊತ್ತ ಅಷ್ಟೇ ಇರುತ್ತದೆ. 1,60,000ಕ್ಕೂ ಏಳು, 1,06,000ಕ್ಕೂ ಏಳು. ಒಂದು ಪರೀಕ್ಷೆಯಲ್ಲಿ ಪಾಸಾಯಿತು ಅಂತ ಸರಿ ಅಂದುಬಿಡುವ ಹಾಗಿಲ್ಲ. ಟೆಸ್ಟಿಂಗ್ ಕೆಲಸದಲ್ಲಿ ನಿನಗೆ ಮೊದಲ ವಾರವೇ ಹೇಳಿಕೊಡುವುದು ಇದನ್ನೇ ಇರಬೇಕು, ಅಲ್ವಾ?

ಈಗ ಎಐ ವಿಷಯ. ನಾನೂ ಫೋನಿನಲ್ಲಿ ಬಳಸಿ ನೋಡಿದ್ದೇನೆ. ವಾರ್ಷಿಕ ಸಭೆಯ ನೋಟಿಸನ್ನು ಕನ್ನಡದಲ್ಲಿ ಬರೆದುಕೊಡು ಅಂದರೆ ಎಷ್ಟು ಚೆನ್ನಾಗಿ ಬರೆಯಿತು! ನಾನು ಬರೆದಿದ್ದರೆ ಅರ್ಧ ದಿನ ಹೋಗುತ್ತಿತ್ತು. ಅದನ್ನು ಹೊಗಳಲು ನನಗೇನೂ ಸಂಕೋಚವಿಲ್ಲ. ಆದರೆ ಒಂದು ಪಟ್ಟಿಯ ಫೋಟೋ ಕೊಟ್ಟು ಮೊತ್ತ ಕೇಳಿದಾಗ ಎರಡು ಸಾಲು ಬಿಟ್ಟು ಕೂಡಿಸಿತು. ಹೇಳಿದ ರೀತಿ ಮಾತ್ರ ಅಷ್ಟೇ ಖಡಾಖಂಡಿತ. ಮುಂದೆ ಯಾವ ಪದ ಬರುವ ಸಾಧ್ಯತೆ ಜಾಸ್ತಿ ಅಂತ ನೋಡಿಕೊಂಡು ಅದು ಬರೆಯುತ್ತಾ ಹೋಗುತ್ತದೆ ಅಂತ ನೀನೇ ವಿವರಿಸಿದ್ದೆ. ಕೆಲವು ಈಗ ಲೆಕ್ಕಕ್ಕೆ ಬೇರೆ ಕ್ಯಾಲ್ಕುಲೇಟರ್ ಬಳಸುತ್ತವಂತೆ. ಇನ್ನೂ ಸುಧಾರಿಸಬಹುದು, ಸುಧಾರಿಸಲಿ. ಆದರೆ ತಪ್ಪಾದಾಗ ಅದರ ದನಿ ಬದಲಾಗುವುದಿಲ್ಲ ನೋಡು, ಅದು ನನ್ನ ಚಿಂತೆ. ಮನುಷ್ಯರಾದರೆ ಗೊತ್ತಿಲ್ಲದ್ದನ್ನು ಹೇಳುವಾಗ ಸ್ವಲ್ಪ ತಡವರಿಸುತ್ತಾರೆ.

ಹಾಗಾಗಿ ಕೋಡ್ ಬರೆಯುವ ಕೆಲಸ ದೊಡ್ಡದು, ನೋಡುವ ಕೆಲಸ ಚಿಕ್ಕದು ಅನ್ನುವ ಲೆಕ್ಕ ಇನ್ನು ಮೇಲೆ ನಡೆಯುವುದಿಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಬರೆಯುವುದು ಅಗ್ಗವಾದಷ್ಟೂ ನೋಡುವವರು ಬೇಕಾಗುತ್ತಾರೆ. ಹಾಗಂತ ಟೆಸ್ಟಿಂಗ್ ಹೆಸರಿನಲ್ಲಿ ಬೇರೆಯವರು ಬರೆದಿಟ್ಟ ಪಟ್ಟಿ ನೋಡಿಕೊಂಡು ಬಟನ್ ಒತ್ತುವುದಷ್ಟೇ ಕೆಲಸ ಆಗಿದ್ದರೆ ಬೇಡ. ಅದನ್ನು ಯಂತ್ರವೇ ಮಾಡುತ್ತದೆ. ಏನನ್ನು ಪರೀಕ್ಷಿಸಬೇಕು ಅಂತ ಯೋಚಿಸುವುದು ನಿನ್ನ ಕೆಲಸವಾ, ಇಲ್ಲ ಬೇರೆಯವರದಾ ಅಂತ ಮೈಸೂರಿನವರನ್ನು ಕೇಳು. ಬೆಂಗಳೂರಿನವರನ್ನೂ ಕೇಳು: ನಾನು ಬರೆದದ್ದನ್ನು ಯಾರು ನೋಡುತ್ತಾರೆ, ತಿದ್ದಿ ಹೇಳಿಕೊಡುವ ಹಿರಿಯರು ಟೀಮಿನಲ್ಲಿ ಇದ್ದಾರಾ? ಮೊದಲ ಎರಡು ವರ್ಷ ಹೇಳಿಕೊಡುವವರು ಪಕ್ಕದಲ್ಲಿದ್ದರೆ ಅದೇ ದೊಡ್ಡ ಸಂಬಳ. ನನಗೆ ಆ ಹಿರಿಯರು ಸಿಗದಿದ್ದರೆ ನಾನು ಇವತ್ತಿಗೂ ಬರೀ ಎಂಟ್ರಿ ಹಾಕುತ್ತಾ ಕೂತಿರುತ್ತಿದ್ದೆ.

ಸ್ಕೂಟರ್ ವಿಷಯ ಕೇಳಿದ್ದೆ. ತೆಗೆದುಕೋ, ಬೇಡ ಅನ್ನುವುದಿಲ್ಲ. ಆದರೆ ಶೋರೂಮಿನವರು "ಬರೀ ಹತ್ತು ಪರ್ಸೆಂಟ್" ಅಂದಾಗ ಫ್ಲಾಟಾ, ರೆಡ್ಯೂಸಿಂಗಾ ಅಂತ ಕೇಳದೆ ಸಹಿ ಹಾಕಬೇಡ. ಒಂದು ಲಕ್ಷ ಸಾಲ, ಮೂರು ವರ್ಷ, ಫ್ಲಾಟ್ ಹತ್ತು ಅಂದರೆ ಬಡ್ಡಿ 30,000. ಒಟ್ಟು 1,30,000, ಅದನ್ನು 36 ಕಂತು ಮಾಡಿದರೆ ತಿಂಗಳಿಗೆ 3,611. ಅದೇ ಹತ್ತು ಪರ್ಸೆಂಟನ್ನು ಉಳಿದ ಅಸಲಿನ ಮೇಲೆ ಮಾತ್ರ ಹಾಕಿದರೆ ಕಂತು ಸುಮಾರು 3,227, ಬಡ್ಡಿ ಒಟ್ಟು 16,000ದ ಆಸುಪಾಸು. ಎಷ್ಟು ವ್ಯತ್ಯಾಸ ನೋಡು! ನೀನು ಪ್ರತಿ ತಿಂಗಳೂ ಅಸಲು ತೀರಿಸುತ್ತಾ ಬರುತ್ತೀಯ, ಕೊನೆಯ ವರ್ಷ ನಿನ್ನ ಮೇಲೆ ಉಳಿದಿರುವುದು ಸ್ವಲ್ಪವೇ. ಆದರೂ ಫ್ಲಾಟ್‌ನಲ್ಲಿ ಪೂರ್ತಿ ಲಕ್ಷಕ್ಕೇ ಬಡ್ಡಿ ಹಾಕುತ್ತಾರೆ. ಅದಕ್ಕೇ ಅವರ ಹತ್ತು ನಿಜದಲ್ಲಿ ಹದಿನೆಂಟರ ಹತ್ತಿರ ಬರುತ್ತದೆ. ಫ್ಲಾಟ್ ಅಂದರೆ ಹೆಚ್ಚು ಕಡಿಮೆ ದುಪ್ಪಟ್ಟು ಅಂತ ನೆನಪಿಟ್ಟುಕೊಂಡರೆ ಸಾಕು.

ಫೋನಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳ ಕಡೆ ಮಾತ್ರ ತಲೆ ಹಾಕಬೇಡ. ತಿಂಗಳಿಗೆ ಬರೀ ಮೂರು ಅನ್ನುತ್ತಾರೆ. ವರ್ಷಕ್ಕೆ 36. ಅದೇ 72ರ ಲೆಕ್ಕ ಹಾಕು, ಮೂರರಿಂದ ಭಾಗಿಸು: ಕಟ್ಟದೆ ಬಿಟ್ಟರೆ 24 ತಿಂಗಳಿಗೆ ಸಾಲ ದುಪ್ಪಟ್ಟು. ಊರಿನಲ್ಲಿ ಮೂರು ರೂಪಾಯಿ ಬಡ್ಡಿ ಅಂದರೆ ಜನ ಬೆಚ್ಚುತ್ತಾರೆ, ಅದೇ ಬಡ್ಡಿ ಫೋನಿನಲ್ಲಿ ಬಣ್ಣಬಣ್ಣವಾಗಿ ಬಂದರೆ ಒತ್ತಿಬಿಡುತ್ತಾರೆ.

ಯುಪಿಐ ಬಗ್ಗೆ ನಿನಗೆ ಹೇಳಬೇಕಾಗಿಲ್ಲ. ಅಪ್ಪನಿಗೆ ಮಾತ್ರ ನೀನೂ ಒಂದು ಸಲ ಹೇಳು: ದುಡ್ಡು ನಮಗೆ ಬರಬೇಕಾದರೆ ಪಿನ್ ಒತ್ತುವ ಅಗತ್ಯವೇ ಇಲ್ಲ. ಪಿನ್ ಕೇಳಿದರೆ ದುಡ್ಡು ಹೋಗುತ್ತಿದೆ ಅಂತ ಅರ್ಥ. ನಾನು ಹೇಳಿದರೆ ಹೂಂ ಅನ್ನುತ್ತಾರೆ, ನೀನು ಹೇಳಿದರೆ ಕೇಳುತ್ತಾರೆ.

ಇನ್ನು ತಮ್ಮನ ಗೇಮ್ ಸುದ್ದಿ. ಅವನಿಗೆ ಬೈಯಬೇಡ ಅಂತ ನಿನಗೆ ಮೊದಲೇ ಹೇಳಿದ್ದೇನೆ. ಆಟ ಆಡುವ ಮಕ್ಕಳ ತಲೆ ಕೆಡುತ್ತದೆ ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಲೆಕ್ಕ ಕಲಿಯಲು ಆಟದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಮೊನ್ನೆ ಅವನು ಗೇಮಿನಲ್ಲಿ ಯಾವುದೋ ಲಕ್ಕಿ ಸ್ಪಿನ್‌ಗೆ ಸಾವಿರ ರೂಪಾಯಿ ಕೇಳಿದ. ಒಂದು ಸ್ಪಿನ್‌ಗೆ ಹತ್ತು ರೂಪಾಯಿ, ಬೇಕಾದ ವಸ್ತು ಸಿಗುವ ಅವಕಾಶ ನೂರಕ್ಕೆ ಒಂದು. "ನೂರು ಸಲ ತಿರುಗಿಸಿದರೆ ಒಂದು ಸಿಕ್ಕೇ ಸಿಗುತ್ತೆ ಅಮ್ಮಾ" ಅಂತ ಅವನ ವಾದ. ಕೂರಿಸಿಕೊಂಡು ಲೆಕ್ಕ ಮಾಡಿಸಿದೆ. ಒಂದು ಸಲ ಸಿಗದೇ ಇರುವ ಸಾಧ್ಯತೆ 0.99. ನೂರು ಸಲವೂ ಸಿಗದೇ ಇರಬೇಕಾದರೆ 0.99ನ್ನು ನೂರು ಸಲ ಗುಣಿಸಬೇಕು. ಕ್ಯಾಲ್ಕುಲೇಟರಿನಲ್ಲಿ ಅವನೇ ಒತ್ತಿದ: 0.366. ಸಾವಿರ ಸಾವಿರ ಕೊಟ್ಟ ನೂರು ಹುಡುಗರಲ್ಲಿ ಮೂವತ್ತೇಳು ಜನ ಬರಿಗೈಯಲ್ಲಿ ವಾಪಸ್. ಅವನು ಆಮೇಲೆ ದುಡ್ಡು ಕೇಳಲಿಲ್ಲ. ಬೇಡ ಅಂದಿದ್ದರೆ ಅಳುತ್ತಿದ್ದ. ಲೆಕ್ಕ ಹೇಳಿದ್ದಕ್ಕೆ ಸುಮ್ಮನಾದ.

ಅಜ್ಜಿ ಅವನಿಗೆ ಈಗ ಚೌಕಾಬಾರ ಕಲಿಸುತ್ತಿದ್ದಾರೆ. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಐದು ಐದಲೆ ಇಪ್ಪತ್ತೈದು ಮನೆ, ನಾಲ್ಕು ಕವಡೆ. ನಮ್ಮ ಮನೆಯ ಲೆಕ್ಕದಲ್ಲಿ ಎಷ್ಟು ಕವಡೆ ಅಂಗಾತ ಬಿದ್ದರೆ ಅಷ್ಟು ಮನೆ ಮುಂದೆ; ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕು; ನಾಲ್ಕೂ ಮಗುಚಿ ಬಿದ್ದರೆ ಬಾರ, ಎಂಟು. ಅಜ್ಜಿ ಅವನ ಕಾಯಿಗಳನ್ನು ಒಂದೊಂದಾಗಿ ಹೊಡೆದು ತಮ್ಮವನ್ನೆಲ್ಲ ನಡುಮನೆ ಸೇರಿಸಿ ಹಣ್ಣು ಮಾಡಿಕೊಂಡು ಕೂತಿರುತ್ತಾರೆ. ಅವರ ಗುಟ್ಟು ಏನು ಅಂತ ನೋಡುತ್ತಿದ್ದೆ. ಕಟ್ಟೆ (ಕಾಯಿ ಹೊಡೆಯಲಾಗದ ಮನೆ) ಅಲ್ಲದ ಮನೆಯಲ್ಲಿ ಕೂರುವಾಗ, ಹಿಂದೆ ಎರಡು ಮನೆ ದೂರದಲ್ಲಿ ಎದುರಾಳಿಯ ಕಾಯಿ ಇದ್ದರೆ ಅವರು ಕೂರುವುದೇ ಇಲ್ಲ. ನಾಲ್ಕು ಮನೆ ದೂರದಲ್ಲಿದ್ದರೆ ಧೈರ್ಯವಾಗಿ ಕೂರುತ್ತಾರೆ. ಒಂದೊಂದು ಕವಡೆಯೂ ಅರ್ಧಕ್ಕರ್ಧ ಬೀಳುತ್ತದೆ ಅಂತ ಇಟ್ಟುಕೊಂಡು ಬರೆದು ನೋಡು. ಒಟ್ಟು 16 ಬಗೆ. ಎರಡು ಬೀಳುವುದು ಆರು ಬಗೆಯಲ್ಲಿ, ಒಂದು ನಾಲ್ಕು ಬಗೆ, ಮೂರು ನಾಲ್ಕು ಬಗೆ, ಚೌಕ ಒಂದೇ ಬಗೆ, ಬಾರ ಒಂದೇ ಬಗೆ. ಕವಡೆ ನಾಣ್ಯದಷ್ಟು ಸರಿಸಮ ಬೀಳುವುದಿಲ್ಲ ನಿಜ, ಆದರೂ ಎರಡು ಜಾಸ್ತಿ, ಚೌಕ ಅಪರೂಪ ಅನ್ನೋದು ಆಡಿದವರಿಗೆಲ್ಲ ಗೊತ್ತು. ನೀನು ಸೆಮಿಸ್ಟರಿನಲ್ಲಿ ಓದಿದ ಪ್ರಾಬಬಿಲಿಟಿಯನ್ನು ಅಜ್ಜಿ ಜಗಲಿಯ ಮೇಲೆ ಆಡುತ್ತಿದ್ದಾರೆ. "ಇಷ್ಟು ಹೊತ್ತು ಬಾರ ಬಿದ್ದಿಲ್ಲ, ಈ ಸಲ ಬಿದ್ದೇ ಬೀಳುತ್ತೆ" ಅಂತ ತಮ್ಮ ಹೇಳಿದರೆ ಅಜ್ಜಿ ನಗುತ್ತಾರೆ. ಹಿಂದಿನ ಸಲ ಏನು ಬಿದ್ದಿತ್ತು ಅಂತ ಕವಡೆಗೆ ನೆನಪಿರುತ್ತದಾ?

ದುಡ್ಡು ಕಟ್ಟುವ ಆಟ ಬೇರೆ. ಅದರಲ್ಲಿ ನಾನು ಕಟ್ಟುನಿಟ್ಟು. ನಮ್ಮ ಬೀದಿಯಲ್ಲೇ ಒಬ್ಬ ಹುಡುಗ ಆನ್‌ಲೈನ್ ರಮ್ಮಿಯಲ್ಲಿ ಬೈಕ್ ಕಳೆದುಕೊಂಡದ್ದು ನಿನಗೆ ಗೊತ್ತು. "ನಾನು ಚೆನ್ನಾಗಿ ಆಡುತ್ತೇನೆ" ಅಂತಲೇ ಅವನು ಹೇಳುತ್ತಿದ್ದ. ಇರಬಹುದು. ಇಬ್ಬರು ನೂರು ನೂರು ಹಾಕಿ, ಗೆದ್ದವರಿಗೆ 180 ಬಂದು, 20 ಆಡಿಸುವವರಿಗೆ ಹೋಗುತ್ತದೆ ಅಂತ ಇಟ್ಟುಕೋ. ಹತ್ತು ಆಟದಲ್ಲಿ ಐದು ಗೆದ್ದು ಐದು ಸೋತರೆ ಹಾಕಿದ್ದು ಸಾವಿರ, ಬಂದದ್ದು ಒಂಬೈನೂರು. ಸಮಬಲದವರು ಇಬ್ಬರೂ ನೂರು ನೂರು ಸೋತರು. ಅವನ ಜಾಣತನ ಎಲ್ಲಾ ಆ ನೂರನ್ನು ವಾಪಸ್ ತರುವುದಕ್ಕೇ ಖರ್ಚಾಗುತ್ತಿತ್ತು. 2021ರಲ್ಲಿ ಕರ್ನಾಟಕ ತಂದಿದ್ದ ನಿಷೇಧವನ್ನು ಮುಂದಿನ ವರ್ಷ ಹೈಕೋರ್ಟ್ ರದ್ದು ಮಾಡಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯ್ದೆ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಒಳ್ಳೆಯದಾಯಿತು ಅಂತಲೇ ನಾನು ಹೇಳುತ್ತೇನೆ. ಆ ಹುಡುಗನ ಅಮ್ಮನ ಮುಖ ನೋಡಿದವರು ಬೇರೆ ಮಾತಾಡಲಾರರು.

ಅಜ್ಜನ ಕಾಲದಲ್ಲಿ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಎಲ್ಲಾ ಬಾಯಿಪಾಠ ಇರುತ್ತಿತ್ತು. ಹನ್ನೆರಡನೇ ಶತಮಾನದಲ್ಲೇ ರಾಜಾದಿತ್ಯ ಅನ್ನುವವನು ದಿನಬಳಕೆಯ ಲೆಕ್ಕವನ್ನು ಕನ್ನಡದಲ್ಲಿ ಪದ್ಯ ಮಾಡಿ ಬರೆದಿಟ್ಟ. ನಿನಗೆ ಮುಕ್ಕಾಲು ಮಗ್ಗಿ ಬೇಕಾಗಿಲ್ಲ, ಫೋನ್ ಇದೆ. ಆದರೆ ಫೋನ್ ಒತ್ತುವ ಮೊದಲು ಉತ್ತರ ಎಷ್ಟರ ಹತ್ತಿರ ಬರಬಹುದು ಅಂತ ಒಂದು ಸಲ ಅಂದಾಜು ಮಾಡಿಕೊಳ್ಳುವ ಅಭ್ಯಾಸ ಬಿಡಬೇಡ. ಹೋಟೆಲ್ ಬಿಲ್ಲಿಗೂ ಮಾಡು, ಆಟೋ ದುಡ್ಡಿಗೂ ಮಾಡು, ಎಐ ಕೊಟ್ಟ ಉತ್ತರಕ್ಕೂ ಮಾಡು. ಆ ಬೆಳೆಗಾರರು ಮಾಡಿದ್ದು ಅಷ್ಟೇ, ಅವರಿಗೆ 54,000 ಉಳಿಯಿತು.

ನನ್ನ ಮನಸ್ಸು ಮೈಸೂರಿನ ಕಡೆ ಇದೆ ಅಂತ ನಿನಗೆ ಅನ್ನಿಸಿರಬಹುದು. ಹೌದು, ಇದೆ. ಆದರೆ ಅಲ್ಲಿನವರು ನಿನ್ನ ಪ್ರಶ್ನೆಗೆ ಸರಿಯಾದ ಉತ್ತರ ಕೊಡದಿದ್ದರೆ, ಬೆಂಗಳೂರಿನಲ್ಲಿ ಹೇಳಿಕೊಡುವ ಹಿರಿಯರು ಇದ್ದರೆ, ಬೆಂಗಳೂರಿಗೇ ಹೋಗು. ಅಪ್ಪ ಏನು ಹೇಳುತ್ತಾರೋ ಅಂತ ಯೋಚಿಸಬೇಡ. ಆರು ಲಕ್ಷ ಹೇಗೆ 37,600 ಆಯಿತು ಅಂತ ನಾನು ಅವರಿಗೆ ಆಗಲೇ ತೋರಿಸಿದ್ದೇನೆ.

ಶುಕ್ರವಾರದೊಳಗೆ ಇಬ್ಬರಿಗೂ ಉತ್ತರ ಕೊಡಬೇಕು ಅಂದೆಯಲ್ಲ. ಬುಧವಾರದೊಳಗೆ ಎಚ್‌ಆರ್‌ಗೆ ಮೇಲ್ ಹಾಕಿ ವೇರಿಯಬಲ್, ಟೀಮು, ಕೆಲಸದ ಸಮಯ ಈ ಮೂರನ್ನೂ ಬರವಣಿಗೆಯಲ್ಲಿ ಕೇಳು. ಗುರುವಾರ ರಾತ್ರಿ ಎಂಟರ ಮೇಲೆ ಫೋನ್ ಮಾಡು, ಅಪ್ಪನೂ ಮನೆಯಲ್ಲಿರುತ್ತಾರೆ. ಬಸ್ಸಿನಲ್ಲಿ ಚಕ್ಕುಲಿ, ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿದ್ದೇನೆ, ಮೆಜೆಸ್ಟಿಕ್‌ಗೆ ಹೋಗಿ ತೆಗೆದುಕೊಂಡು ಬಾ.

ಪ್ರೀತಿಯಿಂದ,
ಅಮ್ಮ